ಮೋತಿಯ ಸಿಟ್ಟು

ಕಕ್ಕೇರಾದ ಶಾಲೆಯ ಶಾಂತಮ್ಮ ಟೀಚರು ನಾಯಿ ಮೋತಿಯನ್ನು ಸುರಪುರದ ನಮ್ಮ ದನದ ದವಾಖಾನೆಗೆ ತಂದಾಗ, ಅದು ರೊಟ್ಟಿ ಮುಟ್ಟದೆ ಬಹಳ ದಿನವಾಗಿತ್ತು. ದವಡೆ ಹಿಡಿದರೆ ಚೀರುತ್ತಿತ್ತು. ಹಲ್ಲು ಗಟ್ಟಿಯಿದ್ದವು, ಎಕ್ಸರೇಯಲ್ಲೂ ಏನೂ ಕಾಣಲಿಲ್ಲ. ಕೊನೆಗೆ ಹೈದರಾಬಾದಿಗೆ ಸಿ.ಟಿ. ಸ್ಕ್ಯಾನಿಗೆ ಕಳಿಸಿದೆ. ದವಡೆಯ ಕೀಲಿನ ಹಿಂದೆ ಗಡ್ಡೆ ಇತ್ತು. ಕೊಯ್ದು ತೆಗೆಯುವ ಹಂತ ದಾಟಿತ್ತು.

ಟೀಚರಿಗೆ ಹೇಳಿದೆ. ಅಳಲಿಲ್ಲ. “ಅಂದ್ರ ಅದಕ್ಕ ನನ್ ಮ್ಯಾಲ ಸಿಟ್ಟ ಇದ್ದಿಲ್ಲೇನ್ರಿ, ಡಾಕ್ಟರ್ರ?” ಅಂದರು.

“ಸಿಟ್ಟು ಯಾಕ್ರಿ?”

“ಮನಿಗಿ ಬೆಕ್ಕಿನ ಮರಿ ತಂದೀನ್ರಿ. ಅದಕ್ಕ ಸಿಟ್ಟ ಮಾಡ್ಕೊಂಡು ರೊಟ್ಟಿ ಬಿಟ್ಟದ ಅಂತ ತಿಳ್ಕೊಂಡು, ನಾನೂ ಅದರ ಕೂಡ ಮಾತ ಬಿಟ್ಟಿದ್ದೆ.”

ನೋವಿನ ಗುಳಿಗೆ ಬಿಟ್ಟರೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅವರು ಬಗ್ಗಿ “ಮೋತಿ” ಅಂದರು. ಬಾಲ ಪಟಪಟನೆ ನೆಲಕ್ಕೆ ಬಡಿಯಿತು.

ನಾಯಿಗೆ ಮಾತು ಬಿಡಲು ಬರುವುದಿಲ್ಲ ಎಂದು ತಿಳಿಯಲಿಕ್ಕೆ ಅಷ್ಟು ದೊಡ್ಡ ಮಷೀನು ಬೇಕಾಯಿತು.