ಹುಣಸೆಹಣ್ಣು ಹಚ್ಚಿದ ಟ್ಯಾಂಕು

ನಮ್ಮ ಬಚ್ಚಲಿನ ಗೂಡಿನಲ್ಲಿ ಎರಡು ವಸ್ತುಗಳು ಅಕ್ಕಪಕ್ಕ ಕೂತಿರುತ್ತವೆ. ಒಂದು, ತೆಂಗಿನ ನಾರಿನಲ್ಲಿ ಸುತ್ತಿಟ್ಟ ಹಳೆಯ ಹುಣಸೆಹಣ್ಣಿನ ಉಂಡೆ; ಇನ್ನೊಂದು, ಉಪ್ಪಿನಕಾಯಿ ಖಾಲಿಯಾದ ಮೇಲೆ ನಾನು ತೊಳೆದು ಎತ್ತಿಟ್ಟುಕೊಂಡ ಪ್ಲಾಸ್ಟಿಕ್ ಡಬ್ಬಿ. ಉಂಡೆ ನನ್ನ ಹೆಂಡತಿ, ಹೊಳೆದಂಡೆಯ ಹಲವಾಗಲು ಊರಿನ ಗಿರಿಜೆಯದು, ಕಪ್ಪಾದ ಲೋಹವನ್ನು ಹೊಳೆಯಿಸುವುದಕ್ಕೆ. ಡಬ್ಬಿ ನನ್ನದು, ಹೊಳೆಯುವ ಲೋಹವನ್ನು ಕಪ್ಪಾಗಿಸುವುದಕ್ಕೆ. ಇಂಥ ಎರಡು ಮನಸ್ಸುಗಳು ಒಂದೇ ಗೂಡಿನಲ್ಲಿ ಇಷ್ಟು ವರ್ಷ ಹೊಂದಿಕೊಂಡು ಬಂದಿರುವುದನ್ನೇ ಸಂಸಾರ ಅನ್ನುತ್ತಾರೇನೋ.

ನಗಬೇಡಿ, ನನಗೊಂದು ಹುಚ್ಚಿದೆ. ಹೂವಿನಹಡಗಲಿಯ ಹೈಸ್ಕೂಲಿನಲ್ಲಿ ಹಗಲೆಲ್ಲ ಸಂಧಿ ಸಮಾಸ ಹೇಳಿ ಬಂದವನು, ಸಂಜೆ ಕನ್ನಡಕ ಬದಲಿಸಿಕೊಂಡು, ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದಾದ ಮಿಲಿಟರಿ ಟ್ಯಾಂಕುಗಳನ್ನು ಜೋಡಿಸುತ್ತ ಕೂರುತ್ತೇನೆ. ನಮ್ಮೂರಿನಲ್ಲಿ ಟ್ಯಾಂಕು ಎಂದರೆ ಮಾಳಿಗೆಯ ಮೇಲಿರುವುದು. ಹೀಗಾಗಿ ಎದುರುಮನೆಯ ಹೂವಿನ ವ್ಯಾಪಾರಿ ಒಮ್ಮೆ ಬಹಳ ಕಾಳಜಿಯಿಂದ, "ಮಾಸ್ತರ್ರ, ಟ್ಯಾಂಕು ಕಟ್ಟಾಕ ಹತ್ತೀರಂತ, ಎಷ್ಟು ಲೀಟರ್ ಹಿಡಿತೈತ್ರಿ?" ಎಂದು ವಿಚಾರಿಸಿದ್ದ. ಒಂದು ಚಮಚ ಎಂದೆ. ಅವತ್ತಿನಿಂದ ಅವನು ನನ್ನನ್ನು ಸ್ವಲ್ಪ ಮರುಕದಿಂದಲೇ ಮಾತಾಡಿಸುತ್ತಾನೆ.

ಈ ಹುಚ್ಚಿನ ಬೇರು ನಮ್ಮಪ್ಪನಲ್ಲಿದೆ. ಅಪ್ಪ ಸೈನ್ಯದಲ್ಲಿ ಟ್ಯಾಂಕು ಓಡಿಸುತ್ತಿದ್ದವನು. ನಿವೃತ್ತನಾಗಿ ಊರಿಗೆ ಬಂದು, ಇರುವ ತುಂಡು ಹೊಲದಲ್ಲಿ ಮಲ್ಲಿಗೆ ಹಾಕಿ, ಇಂದಿಗೂ ನಸುಕಿನಲ್ಲೆದ್ದು ಮೊಗ್ಗು ಬಿಡಿಸುತ್ತಾನೆ. ಮಲ್ಲಿಗೆಯ ಬಗ್ಗೆ ಕೇಳಿದರೆ ಗಂಟೆಗಟ್ಟಲೆ ಹೇಳುವ ಅಪ್ಪ ಆ ದಿನಗಳ ಬಗ್ಗೆ ಕೇಳಿದರೆ ಮಾತ್ರ, "ಏನೈತಿ ಅದರಾಗ? ಓಡಿಸಿದ್ವಿ, ಬಂದ್ವಿ" ಎಂದು ಬಾಗಿಲು ಹಾಕಿಬಿಡುತ್ತಿದ್ದ. ಅವನ ಯೌವನವೆಲ್ಲ ಆ ಬಾಗಿಲ ಹಿಂದೆಯೇ ಉಳಿದಿತ್ತು. ಒಮ್ಮೆ ಒಳಗೆ ಹೋಗಿ ನೋಡಬೇಕೆಂಬ ಆಸೆ ನನಗೆ ಚಿಕ್ಕಂದಿನಿಂದ ಇದ್ದೇ ಇತ್ತು. ಅವನು ಓಡಿಸಿದಂಥದೇ ಗಾಡಿಯೊಂದನ್ನು ಮಾಡಿ ಅವನ ಕೈಯಲ್ಲಿಟ್ಟರೆ ಬಾಗಿಲು ತೆರೆದೀತು ಎಂದುಕೊಂಡೆ.

ಮೊದಲ ಬಾರಿ ಇಟ್ಟಾಗ ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಭಾಳ ಚೆಂದ ಐತಿ. ಷೋಕೇಸಿನ್ಯಾಗ ಇಡು" ಎಂದ. ಹೊಗಳಿಕೆಯೇ, ಆದರೆ ನನ್ನ ಮುಖ ಸಪ್ಪಗಾಯಿತು. ಆಮೇಲೆ ಗಮನಿಸಿದೆ, ತಪ್ಪಿದ್ದದ್ದು ಚೈನಿನಲ್ಲಿ. ಟ್ಯಾಂಕಿನ ಗಾಲಿಗಳನ್ನು ಸುತ್ತುವರಿದ ಆ ಪಟ್ಟಿಗೆ ಅಪ್ಪ ಚೈನು ಅನ್ನುತ್ತಾನೆ. ಒಂದೊಂದೇ ಲೋಹದ ಕೊಂಡಿಯನ್ನು ಸಣ್ಣ ತಂತಿಯಲ್ಲಿ ಪೋಣಿಸಿ ನಾನು ಮಾಡಿದ ಚೈನು ಮದುಮಗಳ ಕಾಲ್ಗೆಜ್ಜೆಯ ಹಾಗೆ ಥಳಥಳಿಸುತ್ತಿತ್ತು. ಅದು ಎಲ್ಲಿಗೂ ಹೋಗದ ಗಾಡಿ ಎಂಬುದು ಯಾರಿಗಾದರೂ ತಿಳಿಯುವಂತಿತ್ತು.

ಇಂಥ ಹೊಳಪನ್ನು ಅಡಗಿಸುವುದಕ್ಕೆಂದೇ ಒಂದು ದ್ರಾವಣ ಸಿಗುತ್ತದೆ. ಮೊದಲು ಚೈನನ್ನು ಸೋಪಿನ ನೀರಿನಲ್ಲಿ ತೊಳೆದು ಜಿಡ್ಡು ತೆಗೆಯಬೇಕು. ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಎಣ್ಣೆಯಂಶ ಕೂತ ಕಡೆ ಕಪ್ಪು ಹತ್ತುವುದೇ ಇಲ್ಲ. ಆಮೇಲೆ ಕೈಗವಸು ಹಾಕಿ, ಕಿಟಕಿ ತೆರೆದಿಟ್ಟು, ಡಬ್ಬಿಯೊಳಗಿನ ದ್ರಾವಣದಲ್ಲಿ ಮುಳುಗಿಸಿ ಮೆಲ್ಲಗೆ ಅಲ್ಲಾಡಿಸಿದರೆ, ಬೆಳ್ಳಿಯ ಬಣ್ಣ ಕಂದಾಗಿ, ಕಂದು ಕಪ್ಪಾಗಿ, ನೋಡನೋಡುತ್ತ ಹೊಸತು ಹಳತಾಗುತ್ತದೆ. ನಮಗೆ ತಲೆ ಹಣ್ಣಾಗಲು ಇಷ್ಟೆಲ್ಲ ವರ್ಷ ಬೇಕಾಯಿತಲ್ಲ ಎಂದು ಆಗೆಲ್ಲ ನನಗೆ ನಗು ಬರುತ್ತದೆ.

ಕನ್ನಡ ಮೇಷ್ಟ್ರಾದ ನನಗೆ ಇಲ್ಲೊಂದು ತಕರಾರಿದೆ. ನಮ್ಮ ಭಾಷೆಯಲ್ಲಿ ಹೊಳಪಿಗೆ ಸಿಕ್ಕ ಮರ್ಯಾದೆ ಕಪ್ಪಿಗೆ ಸಿಕ್ಕಿಲ್ಲ. ದೀಪ ಬೆಳಗುತ್ತೇವೆ, ಹೆಸರು ಬೆಳಗುತ್ತೇವೆ, ಪಾತ್ರೆಯನ್ನೂ ಬೆಳಗುತ್ತೇವೆ. ಬೆಳಗೆಂದರೆ ಮುಂಜಾವೂ ಹೌದು. ಕಪ್ಪಿನ ಪಾಲಿಗೆ ಬಂದದ್ದು ಮುಖಕ್ಕೆ ಮಸಿ ಬಳಿಯುವ ಕೆಲಸ. ಆದರೆ ರೊಟ್ಟಿ ಬೇಯಿಸುವ ಹಂಚು ಕಪ್ಪಾಗದೆ ರೊಟ್ಟಿಯನ್ನು ಬಿಟ್ಟುಕೊಡುವುದಿಲ್ಲ, ಕೂಸಿನ ಕೆನ್ನೆಯ ಮೇಲಿನ ಕರಿಬೊಟ್ಟನ್ನು ಯಾರೂ ಕೊಳೆ ಎಂದು ಒರೆಸುವುದಿಲ್ಲ, ಜೋಳ ಬೆಳೆಯುವ ನಮ್ಮ ಎರೆಮಣ್ಣಿಗಿಂತ ಕಪ್ಪಾದದ್ದು ಈ ಸೀಮೆಯಲ್ಲಿ ಇನ್ನೊಂದಿಲ್ಲ. ಈ ವಾದವನ್ನೆಲ್ಲ ನಾನು ಮನಸ್ಸಿನಲ್ಲೇ ಮಂಡಿಸಿ ಗೆದ್ದುಕೊಂಡಿದ್ದೆ. ಗಿರಿಜೆಗೆ ಹೇಳಿರಲಿಲ್ಲ, ಅದೇ ಎಡವಟ್ಟಾಯಿತು.

ಎರಡನೆಯ ಟ್ಯಾಂಕು ಮುಗಿದದ್ದು ಆಯುಧಪೂಜೆಯ ಹಿಂದಿನ ದಿನ. ಚೈನು ಅಮಾವಾಸ್ಯೆಯಂತೆ ಕಪ್ಪಾಗಿತ್ತು. ಪೂಜೆಯ ಹೊತ್ತಿಗೆ ಅಪ್ಪನ ಮುಂದಿಡೋಣ ಎಂದು ಅದನ್ನು ಜಗಲಿಯ ಮೇಲೆ ಕುಡುಗೋಲು, ಕೊಡಲಿ, ಈಳಿಗೆಗಳ ಸಾಲಿನಲ್ಲಿಟ್ಟು ಮಲಗಿದೆ. ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ನಿಜವಾಗಿ ಆಯುಧವೆನ್ನುವ ಯೋಗ್ಯತೆ ಇದ್ದದ್ದು ಅದಕ್ಕೊಂದಕ್ಕೇ. ಬೆಳಗ್ಗೆ ಎದ್ದು ಬರುವಷ್ಟರಲ್ಲಿ ಗಿರಿಜೆ ಎಲ್ಲವನ್ನೂ ಬೆಳಗಿಬಿಟ್ಟಿದ್ದಳು. ಹುಣಸೆಹಣ್ಣು ಹಚ್ಚಿ, ನಾರಿನಿಂದ ತಿಕ್ಕಿ, ನೀರು ಸುರಿದು, ಮೂರು ಬೆರಳಿನ ವಿಭೂತಿ ಎಳೆದು, ನನ್ನ ಟ್ಯಾಂಕಿನ ಕೊರಳಿಗೆ, ಅಂದರೆ ಅದರ ಫಿರಂಗಿಗೆ, ಒಂದು ಮೊಳ ಮಲ್ಲಿಗೆಯನ್ನೂ ಸುತ್ತಿದ್ದಳು.

ನನ್ನ ಮುಖ ನೋಡಿದವಳು, "ಯಾಕ್ರಿ? ವರ್ಷಕ್ಕೊಮ್ಮಿ ಪೂಜಿ ಮಾಡಾದು. ಮಸಿ ಹಿಡದಿದ್ದನ್ನ ಹಂಗ ಇಡ್ತಾರೇನ್ರಿ ಯಾರಾದ್ರೂ?" ಎಂದಳು. ಅವಳ ಮಾತಿನಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಅದರಿಂದಲೇ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಅಪ್ಪ ಸ್ನಾನ ಮುಗಿಸಿ ಬಂದ. ಸಾಲಿನಲ್ಲಿದ್ದ ಟ್ಯಾಂಕನ್ನು ಕಂಡು, ಕನ್ನಡಕ ಏರಿಸಿಕೊಂಡು, ಕೈಗೆತ್ತಿ ಮಗುಚಿ ಹಿಡಿದ. ಚೈನಿನ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಕೇಳಿದ: "ಲೇ, ಇದು ಎಲ್ಲಿಗೆ ಹೋಗಿ ಬಂದೈತಿ?"

"ಬಚ್ಚಲಕ್ಕ ಹೋಗಿ ಬಂದೈತ್ರಿ ಮಾವಾರ" ಎಂದಳು ಗಿರಿಜೆ.

ಅಪ್ಪ ನಗಲಿಲ್ಲ. "ನೆಲಕ್ಕ ತಾಗೋ ಕಡೆ ಹಿಂಗ ಬೆಳ್ಳಗಾಗತೈತಿ. ಮಳಲು ತಿಕ್ಕತೈತಿ. ಸಂದಿನಾಗಿಂದು ಕರೇದು ಹಂಗ ಉಳೀತೈತಿ. ಮುಂಜಾನಿ ಎದ್ದು ಮೊದಲ ಚೈನು ನೋಡತಿದ್ವಿ ನಾವು. ಹೊಳೀತಿದ್ರ ಗಾಡಿ ಓಡೈತಿ, ತುಕ್ಕು ಹಿಡದಿದ್ರ ನಿಂತೈತಿ ಅಂತ ಲೆಕ್ಕ."

ಆಗ ನಾನೂ ಬಗ್ಗಿ ನೋಡಿದೆ. ಅವಳ ನಾರು ಮುಟ್ಟಿದ್ದು ಕೊಂಡಿಗಳ ಉಬ್ಬಿದ ಅಂಚನ್ನು ಮಾತ್ರ. ಸಂದುಗಳ ಕಪ್ಪು ನಾನು ಇಟ್ಟಲ್ಲೇ ಇತ್ತು. ದುಡಿದ ಭಾಗ ಹೊಳೆಯುತ್ತಿತ್ತು, ಉಳಿದದ್ದು ವಯಸ್ಸಿಗೆ ತಕ್ಕಂತೆ ಮಾಗಿತ್ತು. ಕುಡುಗೋಲಿನ ಅಲಗನ್ನೂ ಅಪ್ಪನ ಹಾರೆಯ ತುದಿಯನ್ನೂ ದಿನಾ ನೋಡುವ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಅವತ್ತು ಕರ್ಪೂರ ತಟ್ಟೆಯಲ್ಲೇ ಕಾದು ಕೂತಿತು. ಅಪ್ಪ ಜಗಲಿಯ ಅಂಚಿಗೆ ಕೂತು, ಟ್ಯಾಂಕನ್ನು ತೊಡೆಯ ಮೇಲಿಟ್ಟುಕೊಂಡು, ಮರಳುಗಾಡಿನ ಕೊರೆಯುವ ಮುಂಜಾವುಗಳನ್ನು ಹೇಳಿದ. ಇಂಜಿನ್ನಿನ ಬಿಸಿಯ ಮೇಲೆ ಚಹಾ ಕಾಯಿಸುತ್ತಿದ್ದ ಪಂಜಾಬಿ ಜೊತೆಗಾರನನ್ನು ನೆನೆದ. ಚೈನು ಕಡಿದು ನಡುಹಾದಿಯಲ್ಲಿ ನಿಂತಾಗ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಅದನ್ನು ಜೋಡಿಸಿದ್ದನ್ನು ಹೇಳುವಾಗ ಅವನ ಎರಡೂ ಕೈಗಳು ಗಾಳಿಯಲ್ಲಿ ಚೈನು ಎಳೆಯುತ್ತಿದ್ದವು. ನನ್ನ ದ್ರಾವಣ ಅರ್ಧ ಕೆಲಸ ಮಾಡಿತ್ತು, ಉಳಿದರ್ಧ ಹುಣಸೆಹಣ್ಣಿನದು.

ಈಗ ಗೂಡಿನಲ್ಲಿ ಡಬ್ಬಿಗೂ ಉಂಡೆಗೂ ಜಗಳವಿಲ್ಲ. ಮೊನ್ನೆ ಇನ್ನೊಂದು ಟ್ಯಾಂಕು ಮುಗಿಸಿದೆ. ಚೈನು ಕಪ್ಪಾಗಿ ಒಣಗಿದ ಮೇಲೆ ನಾನೇ ಒಯ್ದು ಗಿರಿಜೆಯ ಕೈಗಿತ್ತು, ಬೆಳಗಿಬಿಡು ಎಂದೆ. ಅವಳು ಉಂಡೆಯಿಂದ ಚೂರು ಹುಣಸೆಹಣ್ಣು ಹರಿದುಕೊಂಡು, ಭಾರಿ ಗಂಭೀರವಾಗಿ, "ಇದು ಎಷ್ಟು ದೂರ ಹೋಗಿ ಬರಬೇಕ್ರಿ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಪಡಸಾಲೆಯಲ್ಲಿ ಮಲ್ಲಿಗೆ ಮೊಗ್ಗು ಆರಿಸುತ್ತಿದ್ದ ಅಪ್ಪ ಅಲ್ಲಿಂದಲೇ ಕೂಗಿದ: "ನಿನ್ನ ತವರಿಗೆ ಹೋಗಿ ಬಂದಷ್ಟು ಸಾಕವ್ವ, ಹಲವಾಗಲ ಹೊಳಿ ದಂಡಿ ತನಕ. ಹಾದಿ ನನಗ ಗೊತ್ತೈತಿ, ನಾ ಓಡಿಸ್ತೀನಿ."