ಡೋರಿನ ಮೇಲೆ ಕೂತವಳು

ನಮ್ಮ ಟ್ರೈಲರಿನ ಹಿಂದಿನ ಡೋರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ತುಮಕೂರಿನಲ್ಲಿ ಟ್ರೈಲರು ಮಾಡಿಸುವಾಗ ನಮ್ಮ ಮಾವ ತಗಡು ದಪ್ಪಗಿರಲಿ, ಮೊಮ್ಮಕ್ಕಳ ಕಾಲಕ್ಕೂ ಬರಲಿ ಎಂದು ಹೇಳಿ ಹಾಕಿಸಿದ್ದರಂತೆ. ದಪ್ಪ ಅಂದರೆ ದಪ್ಪವೇ. ಬುಡದಲ್ಲಿ ಕೀಲಿದ್ದ ಆ ಡೋರನ್ನು ಕೆಳಗೆ ಬಿಡುವುದಕ್ಕೆ ಯಾರೂ ಬೇಕಿರಲಿಲ್ಲ, ಪಿನ್ನು ತೆಗೆದರೆ ತಾನೇ ಬೀಳುತ್ತಿತ್ತು. ಮತ್ತೆ ಎತ್ತಿ ನಿಲ್ಲಿಸಿ ಪಿನ್ನು ಹಾಕಬೇಕೆಂದರೆ ಮಾತ್ರ ಇಬ್ಬರು ಗಟ್ಟಿಮುಟ್ಟಾದ ಗಂಡಸರು ಬೇಕು. ಆಳು ಸಿಗದ ದಿನ ಅದು ಹಾಗೇ ತೆರೆದುಕೊಂಡು ಬಿದ್ದಿರುತ್ತಿತ್ತು, ಕೋಳಿಗಳು ಹತ್ತಿ ಕೂತು ಗಲೀಜು ಮಾಡುತ್ತಿದ್ದವು, ತೊಳೆಯುವವಳು ನಾನು.

ಅಂಥ ಡೋರನ್ನು ನನ್ನ ಗಂಡ ಒಬ್ಬನೇ ಎತ್ತುತ್ತಿದ್ದ. ಗಂಡ ಅಂದರೆ ನನ್ನ ಸೋದರಮಾವನ ಮಗ. ಚಿಕ್ಕಂದಿನಿಂದ ಬಾವ ಎಂದು ಕರೆದು ರೂಢಿ, ಮದುವೆಯಾದ ಮೇಲೂ ಬಾಯಿಗೆ ಬೇರೆ ಏನೂ ಬರಲಿಲ್ಲ, ಇಲ್ಲೂ ಬಾವ ಅಂತಲೇ ಬರೆಯುತ್ತೇನೆ. ಶಿರಾ ತಾಲ್ಲೂಕು ಪಟ್ಟನಾಯಕನಹಳ್ಳಿ ಕಡೆಯ ಕುರಿ ಕಾಯುವ ಮನೆ ನಮ್ಮದು. ಮಳೆಗಾಲದಲ್ಲಿ ಕಡಲೆಕಾಯಿ, ವರ್ಷವಿಡೀ ಕುರಿ. ಬಾವ ಮಾತ್ರ ಕುರಿಗೆ ಹುಟ್ಟಿದವನಲ್ಲ. ಅವನು ಕರೆದರೆ ಕುರಿಗಳು ಇನ್ನೊಂದು ಕಡೆಗೇ ಓಡುತ್ತಿದ್ದವು. ಟ್ರಾಕ್ಟರು ಬಂದ ದಿನ ಸೀಟಿನ ಮೇಲೆ ಕೂತವನು, ಊಟಕ್ಕೆ ಕರೆದರೂ ಇಳಿಯಲಿಲ್ಲವಂತೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಸುಗ್ಗಿಯಲ್ಲಿ ಕಡಲೆಕಾಯಿ ಮೂಟೆ ಹೇರಿಕೊಂಡು ಮಧುಗಿರಿಗೆ ಹೋಗಿದ್ದ. ಅಲ್ಲಿ ಪಿನ್ನು ತೆಗೆದನೋ ಇಲ್ಲವೋ, ಒಳಗೆ ಜರುಗಿದ್ದ ಮೂಟೆಗಳ ಭಾರಕ್ಕೆ ಡೋರು ಧಡಾರನೆ ಅವನ ಬಲದ ತೋಳಿನ ಮೇಲೆ ಬಂತು. ಕಟ್ಟು ಕಟ್ಟಿಸಿದೆವು, ಸೊಪ್ಪು ಅರೆದು ಹಚ್ಚಿದೆವು, ಹರಕೆ ಹೊತ್ತೆವು. ಮೂಳೆಯೇನೋ ಕೂಡಿತು, ಆದರೆ ಕೈ ಹೆಗಲಿನಿಂದ ಮೇಲಕ್ಕೆ ಏಳಲೇ ಇಲ್ಲ. ಸ್ಟೇರಿಂಗ್ ಹಿಡಿಯುತ್ತಿದ್ದ, ಗೇರು ಹಾಕುತ್ತಿದ್ದ. ಡೋರು ಎತ್ತಲಾರದವನಾದ.

ಟ್ರಾಕ್ಟರು ಅಣ್ಣತಮ್ಮಂದಿರಿಬ್ಬರದು. ಅವನ ಅಣ್ಣ, ನನಗೆ ದೊಡ್ಡಬಾವ, ಕೆಟ್ಟವರಲ್ಲ. ಒಳ್ಳೆಯ ಮನಸ್ಸಿನಿಂದಲೇ ಒಂದು ಸಂಜೆ ಜಗಲಿ ಮೇಲೆ ಕೂತು ಹೇಳಿದರು: "ನೀನಿನ್ನು ಕುರಿ ನೋಡ್ಕ. ಗಾಡಿ ನಾನು ನೋಡ್ಕತೀನಿ. ಇನ್ನೊಂದ್ಸಲ ಅಂಗೇ ಆದ್ರೆ ಏನ್ ಗತಿ?"

ಆ ರಾತ್ರಿ ಬಾವ ಅರ್ಧ ಮುದ್ದೆ ಬಿಟ್ಟು ಎದ್ದ. ಕೋಲು ಹಿಡಿದು ಕುರಿ ಹಿಂದೆ ನಡೆಯುವ ಇವನನ್ನು ನಾನು ನೋಡಲಾರೆ ಅನ್ನಿಸಿತು. ಮಾವನ ಹತ್ತಿರ ಹೋಗಿ, ಒಂದು ಅವಕಾಶವಾದರೂ ಕೊಡಿ ಎಂದು ಬಾಯಿಬಿಟ್ಟು ಕೇಳಿದೆ. ಮಾವ ಬಹಳ ಹೊತ್ತು ಎಲೆ ಅಡಿಕೆ ಜಗಿದು ಒಂದು ತೀರ್ಮಾನ ಹೇಳಿದರು. ದೀಪಾವಳಿ ಕಳೆದ ಮೇಲೆ ಕೊರಟಗೆರೆ ಕಡೆಯ ಹೊಲಗಳಿಗೆ ಗೊಬ್ಬರಕ್ಕೆಂದು ಕುರಿಮಂದೆ ಹೋಗಬೇಕು. ಆ ದಿನ ಕುರಿ ತುಂಬಿಸಿ ಅವನೊಬ್ಬನೇ ಡೋರು ಮುಚ್ಚಿದರೆ ಗಾಡಿ ಅವನದು. ಮುಚ್ಚದಿದ್ದರೆ ಕೀ ಅಣ್ಣನ ಕೈಗೆ.

ಅಷ್ಟರಲ್ಲಿ ಬಾವ ಪಾವಗಡದ ಕಡೆಗೊಮ್ಮೆ ಬಿತ್ತನೆ ಕಾಯಿ ಇಳಿಸಿ ಬರಲು ಹೋದ. ತಿರುಮಣಿಯ ಹತ್ತಿರ ಹೊಲದವರು ಮೂಟೆ ಹೊತ್ತುಕೊಂಡು ಹೊರಟುಹೋದರು, ಇವನು ತೆರೆದ ಡೋರಿನ ಮುಂದೆ ಒಬ್ಬನೇ ಉಳಿದ. ದಾರಿಯಲ್ಲಿ ಹೋಗುವವರನ್ನು "ಕೊಂಚೆಂ ಚೆಯ್ಯಿ ವೆಯ್ಯಪ್ಪಾ", ಸ್ವಲ್ಪ ಕೈ ಹಾಕಪ್ಪಾ, ಎಂದು ತೆಲುಗಿನಲ್ಲಿ ಕೇಳಿಕೊಳ್ಳುತ್ತಾ ಬಿಸಿಲು ಇಳಿಯುವವರೆಗೂ ನಿಂತಿದ್ದನಂತೆ. ಮನೆಗೆ ಬಂದು ಅದನ್ನು ನಗುನಗುತ್ತಾ ಹೇಳಿದ. ಅವನ ಆ ನಗು ನೋಡಿ ನನಗೆ ಅಳು ಬಂತು.

ನನ್ನ ತವರು ಕೊರಟಗೆರೆ ಹತ್ತಿರ. ನಮ್ಮ ತೋಟದ ಬಾವಿಗೆ ಏತ ಇತ್ತು. ಉದ್ದನೆಯ ಮರದ ಒಂದು ತುದಿಗೆ ಬಾನಿ, ಇನ್ನೊಂದು ತುದಿಗೆ ಕಟ್ಟಿದ ಕಲ್ಲು. ಕಡ್ಡಿಯಂತಿದ್ದ ನಮ್ಮಜ್ಜಿ ಅದರಲ್ಲಿ ತೋಟಕ್ಕೆಲ್ಲ ನೀರು ಎತ್ತುತ್ತಿದ್ದಳು, ಯಾಕೆಂದರೆ ಭಾರ ಎಳೆಯುತ್ತಿದ್ದುದು ಅವಳಲ್ಲ, ಆ ಕಲ್ಲು. ಅದೇ ರೀತಿ ಈ ಹಾಳು ಡೋರಿಗೂ ಒಂದು ಕಲ್ಲು ಕಟ್ಟಬಾರದೇ ಎಂದು ಬಾವನನ್ನು ಕೇಳಿದೆ. ನಿಮ್ಮಪ್ಪನ ಮನೆ ಬಾವಿಯನ್ನೇ ಕಿತ್ತು ತರೋಣ ಬಿಡು ಎಂದು ಆಡಿಕೊಂಡ. ಆಡಿಕೊಂಡವನು ಬೆಳಗಾಗುವುದರೊಳಗೆ ಹಗ್ಗ, ರಾಟೆ, ಕಲ್ಲು ಹಿಡಿದು ಟ್ರೈಲರಿನ ಹಿಂದೆ ನಿಂತಿದ್ದ. ಡೋರೇನೋ ಹಗುರಾಗಿ ಎದ್ದಿತು. ಆದರೆ ಗಾಡಿ ಊರ ಬಾಗಿಲು ದಾಟುವುದರೊಳಗೆ ಕಲ್ಲು ತೂಗಾಡಿ ತಗಡಿಗೆ ಬಡಿದು ಊರ ನಾಯಿಗಳೆಲ್ಲ ಹಿಂದೆ ಬಿದ್ದವು.

ಹಾಗಾಗಿ ಶಿರಾಕ್ಕೆ ಹೋದೆವು. ಕೋಟೆ ಕಡೆಗೆ ಒಬ್ಬ ಸಾಹೇಬರ ವೆಲ್ಡಿಂಗ್ ಅಂಗಡಿಯಿತ್ತು, ಎಲ್ಲರೂ ಅವರನ್ನು ಭಾಯಿ ಎನ್ನುತ್ತಿದ್ದರು. ಭಾಯಿ ಕುಕ್ಕರಗಾಲಲ್ಲಿ ಕೂತು ಒಂದು ಗ್ಲಾಸು ಟೀ ಮುಗಿಯುವವರೆಗೂ ಡೋರನ್ನು ನೋಡಿದರು. ನನ್ನ ಏತದ ಕಥೆ ಕೇಳಿ ತಲೆ ಆಡಿಸಿ, ಏತ ಸರಿ, ಕಲ್ಲು ಗಲತ್ ಅಂದರು. ಕಲ್ಲಿನ ಬದಲು ಸ್ಪ್ರಿಂಗು.

ಗುಜರಿಯಿಂದ ಯಾವುದೋ ಹಳೆಯ ಯಂತ್ರದ ಉದ್ದುದ್ದನೆಯ ಎರಡು ಸ್ಪ್ರಿಂಗು ತಂದರು. ಟ್ರೈಲರಿನ ಎರಡೂ ಪಕ್ಕಕ್ಕೆ ಕೊಳವೆ ಬೆಸೆದು ಅದರೊಳಗೆ ಸ್ಪ್ರಿಂಗು ಮಲಗಿಸಿ, ಬಾಲಕ್ಕೆ ಸರಪಳಿ ಹಾಕಿ, ಹಿಂದಿನ ಮೂಲೆಯ ಸಣ್ಣ ಚಕ್ರದ ಮೇಲಿಂದ ತಂದು ಡೋರಿಗೆ ಸಿಕ್ಕಿಸಿದರು. ಡೋರು ಇಳಿದರೆ ಸ್ಪ್ರಿಂಗು ಹಿಗ್ಗುತ್ತದೆ, ಎತ್ತುವಾಗ ಅದೇ ನಮ್ಮ ಪರವಾಗಿ ಎಳೆಯುತ್ತದೆ, ಇಷ್ಟೇ ವಿದ್ಯೆ. ಮೊದಲ ಸಲ ಬಿಗಿ ಜಾಸ್ತಿಯಾಗಿ, ಇಳಿಸಿದ ಡೋರು ಕೈ ತಪ್ಪಿಸಿಕೊಂಡು ತಾನೇ ಮೇಲೆದ್ದು ಮುಚ್ಚಿಕೊಂಡಿತು. ಅದರ ಮೇಲಿಟ್ಟಿದ್ದ ಭಾಯಿಯ ಟೀ ಗ್ಲಾಸು ಎಲ್ಲಿ ಹೋಯಿತೋ ಕಾಣಲಿಲ್ಲ. ಆಮೇಲೆ ಸರಪಳಿಯನ್ನು ಸಡಿಲಿಸಿ ಸಡಿಲಿಸಿ ಬಾವನ ಎಡಗೈ ಒಂದರ ಕಸುವಿಗೆ ಹೊಂದಿಸಿದರು. ಆ ಬಿಗಿಗೆ ಖಾಲಿ ಡೋರು ಪೂರ್ತಿ ಕೆಳಗೆ ಮಲಗದೆ ಒಂದು ಗೇಣು ಮೇಲೆಯೇ ನಿಲ್ಲುತ್ತಿತ್ತು. ಇನ್ನೂ ಸಡಿಲಿಸಿದರೆ ಇವನ ಕೈಗೆ ಭಾರ. ಅದನ್ನು ಕೆಳಗೆ ಹಿಡಿದಿಡಲು ಒಂದು ಕೊಕ್ಕೆ ಹಾಕಿಕೊಡುತ್ತೇನೆ ಎಂದು ಭಾಯಿ ಏಳುವಷ್ಟರಲ್ಲಿ ಕರೆಂಟು ಹೋಯಿತು. ಫಿಕರ್ ಬೇಡ, ಇನ್ನೊಮ್ಮೆ ಬನ್ನಿ ಅಂದರು. ನಾವು ಕುಣಿದುಕೊಂಡು ಊರಿಗೆ ಬಂದೆವು.

ಹೊರಡುವ ದಿನ ಬಂತು. ದೊಡ್ಡಬಾವ ಟ್ರೈಲರನ್ನು ಹಿಂದಕ್ಕೆ ಬಿಟ್ಟು ಹೊಲದ ಬದುವಿಗೆ ಆನಿಸಿ, ತೀರ್ಮಾನವಾಗುವವರೆಗೆ ಎಂದು ಕೀಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಡೋರನ್ನು ಬದುವಿನ ಮೇಲೆ ಇಳಿಸಿದರೆ ಅದೇ ಸೇತುವೆ, ಕುರಿಗಳು ನಡೆದು ಒಳಗೆ ಹೋಗುತ್ತವೆ. ಸ್ಪ್ರಿಂಗಿಗೂ ಅರಿಶಿನ ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟಿದ್ದಾಯಿತು. ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿದೆ. ಮಂದೆ ಎಲ್ಲಿಗೆ ಹೊರಟರೂ ದೇವರ ಹೆಸರಿನಲ್ಲಿ ಬಿಟ್ಟ ಹೋತ ಮೊದಲು ಕಾಲಿಡಬೇಕು. ಆ ಗಂಡುಮೇಕೆ ಹೋದ ಕಡೆ ಕುರಿ ಹೋಗುತ್ತದೆ. ಅದು ಒಲ್ಲೆ ಅಂದರೆ ಅವತ್ತು ಪ್ರಯಾಣ ಇಲ್ಲ.

ಹೋತ ಗತ್ತಿನಿಂದ ಬಂದು ಡೋರಿನ ಮೇಲೆ ಮುಂಗಾಲು ಇಟ್ಟಿತು. ಗೇಣು ಮೇಲಿದ್ದ ಡೋರು ಅದರ ಭಾರಕ್ಕೆ ಜಗ್ಗಿ ಬದುವಿನ ಕಲ್ಲಿಗೆ ಠಣ್ ಎಂದು ಬಡಿಯಿತು. ಹೋತ ಹೌಹಾರಿ ಹಿಂದಕ್ಕೆ ಹಾರಿ ದೊಡ್ಡಬಾವನ ಪಾದದ ಮೇಲೆ ಬಿತ್ತು. ಇನ್ನೊಮ್ಮೆ ತಂದಾಗ ದೂರದಿಂದಲೇ ಮೂಸಿ ಮುಖ ತಿರುಗಿಸಿತು, ಅದರ ಹಿಂದೆ ಮಂದೆಯೆಲ್ಲ ತಿರುಗಿತು.

ಹುಟ್ಟಿದಾಗಿನಿಂದ ಕುರಿ ಜೊತೆ ಬದುಕಿದವರು ನಾವೆಲ್ಲ. ಆ ಡೋರಿನ ಮೇಲೆ ನಾವು ಹತ್ತಿ ಕುಣಿದು ನೋಡಿದ್ದೆವು, ಮೂಟೆ ಹಾಕಿ ನೋಡಿದ್ದೆವು. ಒಂದು ಕುರಿಮರಿಯನ್ನಾದರೂ ಹತ್ತಿಸಿ ನೋಡೋಣ ಎಂದು ಆ ಮನೆಯಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ.

ಮಾವ ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ದ್ಯಾವ್ರು ಒಲ್ಲೆ ಅಂತೈತೆ. ಆ ಸ್ಪ್ರಿಂಗ್ನ ಬಿಚ್ಚಾಕ್ಬುಡು ಕಣ್ಲಾ" ಅಂದರು.

ಬಾವ ತಲೆ ತಗ್ಗಿಸಿ ಸ್ಪ್ಯಾನರು ತರಲು ಟ್ರಾಕ್ಟರಿನ ಕಡೆ ಹೊರಟ. ಆ ಬೆನ್ನು ನೋಡಿದೆನಲ್ಲ, ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಮಾವನ ಕಂಬಳಿಯನ್ನು ಬದುವಿನ ಮೇಲಿಂದ ಎಳೆದುಕೊಂಡು ಡೋರಿನ ಮೇಲೆ ಹಾಸಿ, ಅದರ ಅಂಚಿಗೆ ಹೋಗಿ ಕೂತುಬಿಟ್ಟೆ. ಮಾವನ ಎದುರು ಸೊಸೆ ಹಾಗೆ ಕೂರುವುದು ನಮ್ಮಲ್ಲಿ ಇಲ್ಲ. ಅತ್ತೆ ಬಾಯಿಗೆ ಸೆರಗು ಹಿಡಿದುಕೊಂಡರು.

"ದ್ಯಾವ್ರು ಏನೂ ಅಂದಿಲ್ಲ ಮಾವ" ಅಂದೆ. "ಕಾಲಡಿ ಜಗ್ತು, ಅದುಕ್ಕೆ ಎದ್ರುಕಂತು. ನಾನು ಕುಂತಿರ್ತೀನಿ, ಈಗ ಅಲ್ಲಾಡಲ್ಲ. ಕರೀರಿ ಅದುನ್ನ."

ಮಾವ ನನ್ನನ್ನೇ ನೋಡಿದರು. ಬೈಗುಳ ಬರುತ್ತದೆ ಎಂದು ನಾನು ಹಲ್ಲು ಕಚ್ಚಿ ಕೂತಿದ್ದೆ. ಬೈಯಲಿಲ್ಲ. ನಾಲಿಗೆಯಿಂದ ಟ್ರ್ರ್ ಎಂದು ಹೋತವನ್ನು ಕರೆದರು. ಅದು ಬಂದು ಕಂಬಳಿಯನ್ನು ಮೂಸಿತು. ದಿನಾ ರಾತ್ರಿ ಅದರ ಪಕ್ಕದಲ್ಲಿ ಹಾಸುವ ಕಂಬಳಿ. ಒಂದು ಕಾಲಿಟ್ಟಿತು, ಡೋರು ಮಿಸುಕಲಿಲ್ಲ. ಇನ್ನೊಂದು ಕಾಲಿಟ್ಟಿತು. ಆಮೇಲೆ ನನ್ನ ಹೆಗಲಿಗೆ ಮೈ ಉಜ್ಜಿಕೊಂಡು ಒಳಗೆ ನಡೆಯಿತು. ಅದರ ಹಿಂದೆ ಮಂದೆ ನುಗ್ಗಿತು. ಧೂಳು, ಹಿಕ್ಕೆ, ಸೀರೆ ಮೇಲೆ ಗಂಜಲ, ಕಿವಿಯಲ್ಲಿ ಬ್ಯಾ ಬ್ಯಾ. ಕೊನೆಯ ಮರಿ ಹತ್ತುವವರೆಗೂ ನಾನು ಕಣ್ಣು ಮುಚ್ಚಿಕೊಂಡು ಭದ್ರವಾಗಿ ಕೂತಿದ್ದೆ.

ನಾನು ಇಳಿದ ಮೇಲೆ ಡೋರು ತಾನೇ ಗೇಣು ಮೇಲೆದ್ದಿತು. ಬಾವ ಬಂದು ಎಡಗೈ ಕೊಟ್ಟ. ಹಗುರಾಗಿ, ಸದ್ದಿಲ್ಲದೆ ಅದು ಎದ್ದು ನಿಂತಿತು. ಸೊಂಟದ ಮಟ್ಟದಲ್ಲಿದ್ದ ಪಿನ್ನನ್ನು ಆ ನೊಂದ ಬಲಗೈಯಿಂದಲೇ ಹಾಕಿದ. ಹಾಕಿ ಅಣ್ಣನ ಕಡೆ ನೋಡಿದ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕೀಯನ್ನು ದೊಡ್ಡಬಾವ ತೆಗೆದು ಅವನ ಕೈಗಿಟ್ಟರು. ಹೊತ್ತಾಯ್ತು ಹೊರಡು ಅಂದರು. ಆಮೇಲೆ, ಅದ್ಸರಿ, ಕೊರಟಗೆರೆಯಲ್ಲಿ ಇಳಿಸುವಾಗ ಡೋರಿನ ಮೇಲೆ ಕೂರುವವರು ಯಾರು ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸೆರಗು ಸಿಕ್ಕಿಸಿಕೊಂಡು ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೆ ಹತ್ತಿ ಕೂತೆ.

ಹಾಗೆ ಹತ್ತಿದವಳು ಎಷ್ಟೋ ವರ್ಷ ಇಳಿಯಲಿಲ್ಲ. ಎಂಬತ್ತರ ದಶಕದ ಬಹುಪಾಲು ನಾನು ಆ ಮಡ್‌ಗಾರ್ಡಿನ ಮೇಲೆಯೇ ಕಳೆದೆ. ಮಧುಗಿರಿಯ ಬೆಟ್ಟ ದೂರದಲ್ಲಿ ಕಾಣುತ್ತಿತ್ತು, ಎಷ್ಟು ಹೊತ್ತು ಹೋದರೂ ಹತ್ತಿರ ಬರುತ್ತಿರಲಿಲ್ಲ. ಪಾವಗಡದ ಕಡೆ ಬಿಸಿಲಿಗೆ ಕಬ್ಬಿಣ ಕಾದು, ಕೆಳಗೆ ಗೋಣಿಚೀಲ ಹಾಕಿಕೊಂಡರೂ ಸುಡುತ್ತಿತ್ತು. ಅಲ್ಲಿಯ ಹೆಂಗಸರು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ, ನೀನ್ಯಾಕಮ್ಮಾ ಗಂಡಸರ ಜೊತೆ ಎಂದು ಕೇಳುತ್ತಿದ್ದರು. ನಾನು ಗಾಡಿಯ ಸಾಮಾನು ಕಣಮ್ಮ, ಸ್ಪ್ರಿಂಗಿನ ಜೊತೆ ಬಂದದ್ದು ಎನ್ನುತ್ತಿದ್ದೆ.

ನಮ್ಮದು ತುಂಬಿದ ಮನೆ. ಗಂಡ ಹೆಂಡತಿ ಎದುರುಬದುರು ನಿಂತು ನಾಲ್ಕು ಮಾತಾಡಲು ಅಲ್ಲಿ ಜಾಗವಿರಲಿಲ್ಲ. ಮಡ್‌ಗಾರ್ಡಿನ ಮೇಲಾದರೆ ಇಂಜಿನ್ನಿನ ಸದ್ದಿಗೆ ಎಷ್ಟು ಕೂಗಿದರೂ ಯಾರಿಗೂ ಕೇಳುವುದಿಲ್ಲ. ಅತ್ತೆಯ ಮೇಲಿನ ಸಿಟ್ಟು, ಮಕ್ಕಳ ಚಿಂತೆ, ಅವನ ಕೈನೋವು ಎಲ್ಲವನ್ನೂ ಅಲ್ಲಿ ಕೂಗಿ ಕೂಗಿ ಹೇಳಿಕೊಂಡೆವು. ಹುಣಸೆಮರದ ಕೆಳಗೆ ನಿಲ್ಲಿಸಿ ಮುದ್ದೆ, ಹುಚ್ಚೆಳ್ಳು ಚಟ್ನಿ ಉಣ್ಣುತ್ತಿದ್ದೆವು. ಜಗಳವಂತೂ ದಿನಾ. ಮನೆಯಲ್ಲಿ ನನ್ನ ಕೆಲಸವೆಲ್ಲ ಬಿದ್ದಿದೆ, ನನ್ನನ್ನು ಏತದ ಕಲ್ಲು ಮಾಡಿಕೊಂಡಿದ್ದೀಯ, ಆ ಕೊಕ್ಕೆಯೊಂದನ್ನು ಹಾಕಿಸಲು ನಿನಗೇನು ಬಂದಿದೆ ಎಂದು ಬೈಯುತ್ತಿದ್ದೆ. ಅವನ ಹತ್ತಿರ ಉತ್ತರ ಯಾವಾಗಲೂ ಸಿದ್ಧ. ಹೋಗಿದ್ದೆ, ಕರೆಂಟಿರಲಿಲ್ಲ. ಹೋಗಿದ್ದೆ, ಭಾಯಿ ನಮಾಜಿಗೆ ಹೋಗಿದ್ದರು. ಮರೆತೇಬಿಟ್ಟೆ ಕಣೆ.

ಒಂದು ವರ್ಷ ಸ್ಪ್ರಿಂಗು ಸಡಿಲವಾಯಿತು. ಮಗಳಿಗೆ ಬಟ್ಟೆ ತರುವುದಿತ್ತು, ಬಾವನ ಜೊತೆ ನಾನೂ ಶಿರಾಕ್ಕೆ ಹೋದೆ. ಭಾಯಿಗೆ ಗಡ್ಡ ನೆರೆತಿತ್ತು. ನನ್ನನ್ನು ಕಂಡದ್ದೇ ಗುರುತು ಹಿಡಿದು ಟೀ ತರಿಸಿದರು. ಆಮೇಲೆ ಬೆಂಚಿನ ಕೆಳಗೆ ಕೈ ಹಾಕಿ, ಧೂಳು ಹಿಡಿದ ಒಂದು ಕಬ್ಬಿಣದ ಕೊಕ್ಕೆ ತೆಗೆದು ನನ್ನ ಮುಂದಿಟ್ಟರು.

"ಆಗ್ಲೇ ಮಾಡಿಟ್ಟಿದ್ದು ಬೆಹನ್. ಬಂದಾಗೆಲ್ಲ ಹಾಕ್ಕೊಡ್ತೀನಿ ಅಂತೀನಿ. ಇವ್ರು, ಬ್ಯಾಡ ಭಾಯಿ, ಅದು ಹಾಕಿದ್ರೆ ಅವ್ಳು ಬರಲ್ಲ ಅಂತಾರೆ."

ನಾನು ಬಾವನ ಕಡೆ ತಿರುಗಿದೆ. ಅವನು ಸ್ಪ್ರಿಂಗಿನೊಳಗೆ ಏನೋ ಹುಡುಕುತ್ತಿರುವವನಂತೆ ಬಗ್ಗಿಬಿಟ್ಟಿದ್ದ, ಕಿವಿ ಎರಡೂ ಕೆಂಪಗಾಗಿದ್ದವು. ಬಾಯಿ ತುಂಬ ಬೈಗುಳ ಇಟ್ಟುಕೊಂಡೇ ತಿರುಗಿದ್ದೆ, ಒಂದೂ ಹೊರಗೆ ಬರಲಿಲ್ಲ. ಕೊಕ್ಕೆಯನ್ನು ಕೈಗೆ ತೆಗೆದುಕೊಂಡು ಧೂಳು ಒರೆಸಿ ನೋಡಿದೆ. ಚೆನ್ನಾಗಿ ಮಾಡಿದ್ದರು, ಹಾಕಿದ್ದರೆ ಗಟ್ಟಿಯಾಗಿ ಕೂರುತ್ತಿತ್ತು.

"ಇಲ್ಲೇ ಇರ್ಲಿ ಬುಡಿ ಭಾಯಿ" ಅಂದೆ. "ನಮ್ಮ ಹೋತಕ್ಕೆ ಇದೆಲ್ಲ ಆಗಲ್ಲ."

ವಾಪಸು ಬರುವಾಗ ಇಂಜಿನ್ನು ಎಂದಿನಂತೆ ಕಿರುಚುತ್ತಿತ್ತು. ಅವನು ಒಮ್ಮೆ ಓರೆಗಣ್ಣಲ್ಲಿ ನೋಡಿದ, ನಾನು ರಸ್ತೆ ನೋಡಿದೆ. ಊರು ಹತ್ತಿರವಾದಾಗ, ನಿಧಾನಕ್ಕೆ ಓಡಿಸು, ನನ್ನ ಬೀಳಿಸ್ತೀಯ ಎಂದು ಗದರಿದೆ. ಅವನು ಗೇರು ಇಳಿಸಿ, ಬಹಳ ನಿಧಾನವಾಗಿ ಓಡಿಸಿದ.