ಟ್ರ್ಯಾಂಪೊಲಿನ್ ಮೇಲಿನ ಪಂಚೆ

ಉದಯಶಂಕರ್ ಒಮ್ಮೆ ಕೊಟ್ಟದ್ದನ್ನು ವಾಪಸು ಕೇಳುವ ಪೈಕಿ ಅಲ್ಲ. ಅಂಥವರು ೨೦೧೬ರ ಮಾರ್ಚ್ ತಿಂಗಳಲ್ಲಿ ಅಡಿಲೇಡಿನ ಒಂಬತ್ತು ಮನೆಗಳ ಬಾಗಿಲು ತಟ್ಟಿ, ಹೆಂಡತಿ ಪ್ರೀತಿಯಿಂದ ಹಂಚಿದ್ದ ಅಕ್ಕಿ ಸಂಡಿಗೆಯನ್ನು ವಾಪಸು ಇಸಿದುಕೊಂಡು ಬಂದರು. ಒಂಬತ್ತು ಮನೆಯಲ್ಲೂ ಒಂದೇ ಸುಳ್ಳನ್ನು ಹೇಳಿದರು. ಆ ಸುಳ್ಳು ಎಲ್ಲಿ ಹುಟ್ಟಿತು ಎಂದು ತಿಳಿಯಬೇಕಾದರೆ ಅವರ ಮನೆಯ ಹಿಂದಿನ ಶೆಡ್ಡಿಗೆ ಹೋಗಬೇಕು.

ಮೈಸೂರಿನ ಒಂಟಿಕೊಪ್ಪಲಿನವರು, ಮೆಕ್ಯಾನಿಕಲ್ ಇಂಜಿನಿಯರು. ಹೆಂಡತಿ ವನಜಾ, ಮಗಳು ಮಾಲವಿಕಾ, ಮಗ ಪ್ರಥಮ್ ಜೊತೆ ೨೦೦೪ರಲ್ಲಿ ಅಡಿಲೇಡಿಗೆ ಬಂದು ಮಾಡ್ಬರಿಯಲ್ಲಿ ನೆಲೆಯೂರಿದರು. ಊರಿನಲ್ಲಿದ್ದ ಹಾಗೆ ಇಲ್ಲೂ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ತಪಾಸಣೆಯ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಆ ಭಾಗವನ್ನು ಪಕ್ಕಕ್ಕೆ ತೆಗೆದಿಡಬೇಕು. ಈ ಚಾಳಿ ಮನೆಗೂ ಬಂತು. ದೋಸೆಯ ದಪ್ಪ ಒಂದು ಬದಿಗೆ ಜಾಸ್ತಿಯಾಯಿತೆಂದು ಹೇಳಿ ಹೆಂಡತಿಯ ಕೈಲಿ ಸರಿಯಾಗಿ ಮಂಗಳಾರತಿ ಮಾಡಿಸಿಕೊಂಡ ಮಹಾನುಭಾವರು ಅವರು.

ಅದೇ ಕಾರ್ಖಾನೆಯಲ್ಲಿ ವಾಲ್ಟರ್ ಎಂಬ ಗೆಳೆಯನಿದ್ದ. ಉಡುಪಿಯ ಕಡೆಯವನು, ಕುವೈತಿನಲ್ಲಿ ಹತ್ತು ವರ್ಷ ದುಡಿದು ಬಂದವನು. ಉದಯಶಂಕರರನ್ನು ಮೊದಲ ಬಾರಿ ಬಂದೂಕಿನ ಕ್ಲಬ್ಬಿಗೆ ಕರೆದುಕೊಂಡು ಹೋದವನು ಅವನೇ. “ಪೇಪರಿಗೆ ಹೊಡೆಯೋದು ಸಾರ್, ಪ್ರಾಣಿಗಲ್ಲ,” ಎಂದು ಅವನು ಹೇಳಿದ ಮೇಲೆಯೇ ಮೊಟ್ಟೆಯನ್ನೂ ಮುಟ್ಟದ ಉದಯಶಂಕರ್ ಒಪ್ಪಿದ್ದು. ಲೈಸೆನ್ಸು ಮಾಡಿಸಿದರು, ಬಂದೂಕಿಡಲು ಗೋಡೆಗೆ ಬೋಲ್ಟು ಹಾಕಿದ ಉಕ್ಕಿನ ಪೆಟ್ಟಿಗೆ ತಂದರು, ಬೀಗದ ಕೈಯನ್ನು ಜನಿವಾರದ ಹಾಗೆ ಮೈಮೇಲೇ ಇಟ್ಟುಕೊಂಡರು. ಕಾನೂನು ಕೇಳಿದ್ದನ್ನೆಲ್ಲ ಚಾಚೂತಪ್ಪದೆ ಮಾಡಿದರು. ಕಾನೂನು ಪಂಚೆಯ ಬಗ್ಗೆ ಏನೂ ಕೇಳಿರಲಿಲ್ಲ.

ನಿಜ ಹೇಳಬೇಕೆಂದರೆ ಗುರಿ ಹೊಡೆಯುವುದರಲ್ಲಿ ಅವರಿಗೆ ಅಂಥ ಆಸೆಯಿರಲಿಲ್ಲ. ಅವರು ಮನಸೋತದ್ದು ಗುಂಡು ತಯಾರಿಸುವುದಕ್ಕೆ. ಟೈರ್ ಅಂಗಡಿಯಲ್ಲಿ ಚಕ್ರದಿಂದ ಕಿತ್ತು ಎಸೆದ ಸೀಸದ ತುಂಡುಗಳನ್ನು ತಂದು ಕರಗಿಸುವುದು, ಅಚ್ಚಿಗೆ ಹೊಯ್ಯುವುದು, ಅಚ್ಚು ಬಿಚ್ಚಿದಾಗ ಹೊಳೆಯುವ ಗುಂಡು ಮೆತ್ತನೆಯ ಬಟ್ಟೆಯ ಮೇಲೆ ಟಪ್ಪನೆ ಬೀಳುವುದು. ಹೊಡೆದು ಖಾಲಿಯಾದ ಹಿತ್ತಾಳೆ ತೋಟಾಗಳನ್ನು ಆಯ್ದು ತಂದು, ತೊಳೆದು ಒಣಗಿಸಿ, ಮದ್ದು ತೂಗಿ ತುಂಬಿ ಮತ್ತೆ ಹೊಸದು ಮಾಡುವುದು. ಒಂದೊಂದನ್ನೂ ಅಳೆದು, ಸರಿಯಿಲ್ಲದ್ದನ್ನು ಮತ್ತೆ ಕರಗುವ ಪಾತ್ರೆಗೆ ಹಾಕುತ್ತಿದ್ದರು. ಭಾನುವಾರದ ಬೆಳಗ್ಗೆ ಶೆಡ್ಡು ಸೇರಿದರೆ ಊಟಕ್ಕೆ ಮೂರು ಸಲ ಕೂಗಬೇಕಿತ್ತು.

ಇಷ್ಟು ಪ್ರೀತಿಯ ಕೆಲಸವನ್ನು ಅವರು ಕನ್ನಡ ಸಂಘದವರಿಂದ ಮುಚ್ಚಿಟ್ಟಿದ್ದರು. ಸತ್ಯನಾರಾಯಣ ಪೂಜೆಗೆ ಮಂತ್ರ ಹೇಳಿಕೊಡುವ ಮನುಷ್ಯ ಮನೆಯಲ್ಲಿ ಗುಂಡು ಎರಕ ಹೊಯ್ಯುತ್ತಾನೆಂದರೆ ಜನ ಏನಂದಾರು? ಯಾರಾದರೂ ಕೇಳಿದರೆ “ಶೆಡ್ಡಲ್ಲಿ ಸ್ವಲ್ಪ ಮೆಟಲ್ ವರ್ಕ್ ಮಾಡ್ತೀನಿ” ಎನ್ನುತ್ತಿದ್ದರು. ವನಜಾಗೆ ಆ ವಾಸನೆ ಆಗದು. ಆಕೆ ಶೆಡ್ಡಿನ ಹೊಸ್ತಿಲು ತುಳಿದವಳೇ ಅಲ್ಲ.

ವನಜಾಳ ಹೆಸರು ನಿಂತಿದ್ದದ್ದು ಸಂಡಿಗೆಯ ಮೇಲೆ. ಅಡಿಲೇಡಿನ ಜನವರಿ ಬಿಸಿಲು ಸುಮ್ಮನೆ ಅಲ್ಲ, ನಲವತ್ತು ಡಿಗ್ರಿ ದಾಟುತ್ತದೆ. ಮಕ್ಕಳು ಬೆಳೆದ ಮೇಲೆ ಹಿತ್ತಲಲ್ಲಿ ಕೆಲಸಕ್ಕೆ ಬಾರದೆ ಬಿದ್ದಿದ್ದ, ಹತ್ತಿ ಕುಣಿಯುವ ಟ್ರ್ಯಾಂಪೊಲಿನ್ ಅವಳ ಕಣ್ಣಿಗೆ ಬಿತ್ತು. ಮೇಲಿಂದ ಬಿಸಿಲು, ಕೆಳಗಿಂದ ಬಿಸಿಗಾಳಿ. ಅದರ ಮೇಲೆ ಗಂಡನ ಹಳೆಯ ಬಿಳಿ ಪಂಚೆಯನ್ನು ನೀರಲ್ಲಿ ಅದ್ದಿ ಹಿಂಡಿ ಹಾಸುವಳು. ಗಂಜಿಯ ಹದಕ್ಕೆ ಬೇಯಿಸಿದ ಅಕ್ಕಿಹಿಟ್ಟನ್ನು ಸೌಟಿನಿಂದ ಬಿಡುವಳು. ಗರಿಗರಿ ಒಣಗಿದ ಮೇಲೆ ಬಟ್ಟೆಯ ಹಿಂಬದಿಗೆ ನೀರು ಚಿಮುಕಿಸಿ ಒಂದೊಂದಾಗಿ ಬಿಡಿಸುವಳು. ಆ ಪಂಚೆಯನ್ನು ಬೇರೆ ಬಟ್ಟೆಯ ಜೊತೆ ಮೆಷಿನ್ನಿಗೆ ಹಾಕುತ್ತಿರಲಿಲ್ಲ, ಬೇರೆ ಯಾವುದಕ್ಕೂ ಬಳಸುತ್ತಿರಲಿಲ್ಲ. ಜಾಲಿಸಿ ಒಣಗಿಸಿ, ಲಾಂಡ್ರಿ ಬೀರುವಿನ ಮೇಲಿನ ಗೂಡಿನಲ್ಲಿ ಮಡಚಿ ಇಡುವಳು. “ಅದು ಸಂಡಿಗೆದು, ಯಾರೂ ಮುಟ್ಬೇಡಿ” ಎಂಬುದು ಮನೆಯ ಕಟ್ಟಪ್ಪಣೆಯಾಗಿತ್ತು.

ಮುಟ್ಟಿದವರು ಉದಯಶಂಕರ್. ೨೦೧೫ರ ಕ್ರಿಸ್‌ಮಸ್ ರಜೆ. ಕಾರ್ಖಾನೆ ಮುಚ್ಚಿತ್ತು, ವನಜಾ ಕೆಲಸಕ್ಕೆ ಹೋಗಿದ್ದಳು. ತೊಳೆದ ಖಾಲಿ ತೋಟಾಗಳನ್ನು ಪೇಪರಿನ ಮೇಲೆ ಹರವಿದರೆ ಗಾಳಿಗೆ ಪೇಪರೇ ಹಾರಿಹೋಗುತ್ತಿತ್ತು. ಟ್ರ್ಯಾಂಪೊಲಿನ್ ಕಂಡಿತು, ಪಂಚೆ ನೆನಪಾಯಿತು. ಅದು ತಮ್ಮದೇ ಪಂಚೆ ತಾನೇ? ಎರಡು ಗಂಟೆಯಲ್ಲಿ ತೋಟಾಗಳು ಸೊಗಸಾಗಿ ಒಣಗಿದವು. ಪಂಚೆಯ ಮೇಲೆ ಬೂದುಬಣ್ಣದ ಸಣ್ಣ ಪುಡಿ ಉಳಿದಿತ್ತು. ಎರಡು ಸಲ ಚೆನ್ನಾಗಿ ಒದರಿ, ಅದೇ ಮಡಿಕೆಗೆ ಮಡಚಿ, ಅದೇ ಗೂಡಿನಲ್ಲಿಟ್ಟರು. ಆ ಬೇಸಿಗೆಯಲ್ಲಿ ಹೀಗೆ ಐದಾರು ಸಲ ಮಾಡಿದರು.

ಜನವರಿಯ ಸಂಡಿಗೆ ಎಂದಿನಂತೆ ಆಯಿತು, ಎಂದಿನಂತೆ ಹಂಚಿಹೋಯಿತು. ಒಂಬತ್ತು ಮನೆಗೆ ಒಂದೊಂದು ಡಬ್ಬಿ. ಪರ್ತಿನ ಬೆಂಟ್ಲಿ ಬಡಾವಣೆಯಲ್ಲಿ ಗೆಳೆಯರ ಜೊತೆ ಬಾಡಿಗೆ ಮನೆಯಲ್ಲಿದ್ದು ಓದುತ್ತಿದ್ದ ಪ್ರಥಮ್‌ಗೆ ಎರಡು ಪೊಟ್ಟಣ. ಎಲ್ಲಕ್ಕಿಂತ ದೊಡ್ಡ ಡಬ್ಬಿ ಬ್ರಿಸ್ಬೇನಿಗೆ ಹೋಯಿತು. ಅಲ್ಲಿ ಮಾಲವಿಕಾ ಬಸುರಿ. ಸೀಮಂತಕ್ಕೆ ಹೋದಾಗ ವನಜಾ ಆ ಡಬ್ಬಿಯನ್ನು ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡೇ ಹೋಗಿದ್ದಳು.

ಫೆಬ್ರವರಿಯಲ್ಲಿ ವಾಲ್ಟರ್ ಒತ್ತಾಯ ಮಾಡಿದ. “ಸೀಸ ಕರಗಿಸೋರು ವರ್ಷಕ್ಕೊಮ್ಮೆ ಬ್ಲಡ್ ಟೆಸ್ಟ್ ಮಾಡಿಸ್ಬೇಕು ಸಾರ್. ನಾನು ಮಾಡಿಸ್ತೇನೆ, ನೀವು ಯಾಕೆ ಹಟ ಮಾಡೋದು?” ಮಾಡಿಸಿದರು. ರಕ್ತದಲ್ಲಿ ಸೀಸ ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿತ್ತು. ಮನೆಯವರದ್ದೂ ನೋಡೋಣ ಎಂದರು ಡಾಕ್ಟರು. ಮಾರ್ಚ್ ಮೊದಲ ವಾರ ವನಜಾಳ ರಿಪೋರ್ಟು ಬಂತು. ಅವಳದೂ ಹೆಚ್ಚಿತ್ತು.

“ನೀವೂ ಶೆಡ್ಡಿನಲ್ಲಿ ಕೆಲಸ ಮಾಡುತ್ತೀರಾ?” ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರು. ಒಳಗೆ ಕಾಲೇ ಇಟ್ಟಿಲ್ಲ ಎಂದಳು ವನಜಾ, ಸ್ವಲ್ಪ ಹೆಮ್ಮೆಯಿಂದಲೇ. ಹಾಗಾದರೆ ಪಾತ್ರೆ, ಬಟ್ಟೆ, ಊಟದ ವಸ್ತು ಏನಾದರೂ ಎರಡು ಕಡೆಗೂ ಬಳಕೆಯಾಗುತ್ತದೆಯೇ ಎಂದು ಅವರು ಕೇಳಿದಾಗ ಉದಯಶಂಕರರ ಕಣ್ಣ ಮುಂದೆ ಪಂಚೆ ಬಂತು. ದೊಡ್ಡವರಿಗೆ ಇದು ಮೆಲ್ಲಗೆ ಇಳಿಯುತ್ತದೆ, ಮಕ್ಕಳು ಮತ್ತು ಗರ್ಭಿಣಿಯರ ವಿಷಯದಲ್ಲಿ ಮಾತ್ರ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಬೇಕು ಎಂದು ಡಾಕ್ಟರು ಹೇಳುತ್ತಲೇ ಇದ್ದರು. ವನಜಾ ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದಳು. “ಇಲ್ಲ, ಅಂಥದ್ದೇನೂ ಇಲ್ಲ,” ಎಂದರು ಉದಯಶಂಕರ್.

ಯಾಕೆ ಹೇಳಲಿಲ್ಲ? ನಾಚಿಕೆಯಾಯಿತು, ಅಷ್ಟೆ. ಮೂವತ್ತು ವರ್ಷ ಕೂದಲೆಳೆ ಅಳೆದ ಮನುಷ್ಯ, ಹೆಂಡತಿ ಮಡಿಯಾಗಿಟ್ಟ ಬಟ್ಟೆಯ ಮೇಲೆ ಸೀಸದ ಪುಡಿ ಸುರಿದು, ಅದೇ ಬಟ್ಟೆಯ ಸಂಡಿಗೆಯನ್ನು ಬಸುರಿ ಮಗಳಿಗೆ ಉಣಿಸಿದೆ ಎಂದು ಯಾವ ಬಾಯಿಂದ ಹೇಳುವುದು? ಮನೆಗೆ ಬಂದವರೇ ವನಜಾ ಕಾಣದಂತೆ ಪಂಚೆಯನ್ನು ಕಸದ ಡಬ್ಬಿಗೆ ಹಾಕಿದರು, ಮನೆಯ ಸಂಡಿಗೆಯನ್ನೂ ಅದರ ಮೇಲೆ ಸುರಿದರು. ಆಮೇಲೆ ಹಿತ್ತಲಿಗೆ ಹೋಗಿ ಮಗಳಿಗೆ ಫೋನು ಮಾಡಿದರು.

“ಮಾಲು, ಆ ಸಂಡಿಗೆ ತಿನ್ಬೇಡಮ್ಮ, ಎಸೆದ್ಬಿಡು. ಫಂಗಸ್ ಹಿಡಿದಿದೆ. ಈ ಸಲ ಅಮ್ಮ ಸರಿಯಾಗಿ ಒಣಗಿಸಿಲ್ಲ.”

“ಅಮ್ಮ ಸರಿಯಾಗಿ ಒಣಗಿಸಿಲ್ವಾ? ನೋ ವೇ ಅಪ್ಪ!” ಎಂದು ಅವಳು ನಕ್ಕಳು. “ಅಮ್ಮನ ಹತ್ರ ಹೇಳೋಕೆ ಹೋಗ್ಬೇಡ, ನೊಂದ್ಕೋತಾಳೆ,” ಎಂದು ಇವರು ಫೋನಿಟ್ಟರು. ಪ್ರಥಮ್‌ಗೂ ಅದೇ ಮಾತು. ಅವನದು ಸಂಡಿಗೆ ಮುಗಿದು ತಿಂಗಳಾಗಿತ್ತು, ರೂಮಿನವರೆಲ್ಲ ಸೇರಿ ತಿಂದಿದ್ದರು.

ಮುಂದಿನ ಶನಿವಾರ ಕಾರು ತೆಗೆದುಕೊಂಡು ಒಂಬತ್ತು ಮನೆ ಸುತ್ತಿದರು. ಕಮಲಾ ಆಂಟಿ ಎಂದು ಎಲ್ಲರೂ ಕರೆಯುವ, ಸಂಘದ ಅಡುಗೆಯ ಉಸ್ತುವಾರಿ ಹೊತ್ತ ಹೆಂಗಸು ಡಬ್ಬಿ ತಂದುಕೊಟ್ಟು ಲೊಚಗುಟ್ಟಿದರು. “ಪಾಪ, ವನಜಾಗೂ ವಯಸ್ಸಾಯ್ತಲ್ಲ. ಮೊದಲಿನ ಕೈ ಎಲ್ಲಿರುತ್ತೆ ಹೇಳಿ?” ಉದಯಶಂಕರ್ ಹೌದೆಂದು ತಲೆಯಾಡಿಸಿದರು. ಸುಳ್ಳು ಹೇಳಿದ್ದು ಒಂದು ಪಾಲಾದರೆ, ತಲೆಯಾಡಿಸಿದ್ದು ಮೂರು ಪಾಲು. ಕಾರಿಗೆ ಬಂದು ಕೂತ ಮೇಲೆ ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ಆದರೂ ಕೊನೆಯ ಮನೆಗೆ ಹೋದರು.

ಕೊನೆಯ ಮನೆ ಪ್ರಾಸ್ಪೆಕ್ಟಿನಲ್ಲಿ, ವಾಲ್ಟರನದು. ಅವನು ಡಬ್ಬಿಯ ಮುಚ್ಚಳ ತೆಗೆದು, ಒಂದು ಸಂಡಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

“ಫಂಗಸ್ ಇಲ್ಲ ಸಾರ್ ಇದರಲ್ಲಿ. ನಿಮ್ಮ ಬ್ಲಡ್ ರಿಪೋರ್ಟ್ ಬಂದದ್ದು ಹೋದ ತಿಂಗಳು, ಇವತ್ತು ಸಂಡಿಗೆ ವಾಪಸ್ ಕೇಳ್ತಾ ಇದ್ದೀರಿ. ತೊಳೆದ ತೋಟಾದಲ್ಲೂ ಸೀಸದ ಪುಡಿ ಉಳೀತದೆ. ಎಲ್ಲಿ ಒಣಗಿಸಿದ್ದು?”

ಅವನೆದುರು ಸುಳ್ಳು ನಿಲ್ಲಲಿಲ್ಲ. ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದರು. ವಾಲ್ಟರ್ ಬಯ್ಯಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು.

“ಮಗಳಿಗೆ ಹೇಳಿದ್ರಾ?”

“ಹ್ಞೂಂ, ಹೇಳಿದೀನಿ.”

ಇದು ಆ ದಿನದ ಹತ್ತನೆಯ ಸುಳ್ಳು. ನಾಳೆ ಹೇಳುತ್ತೇನೆ ಎಂದುಕೊಂಡರು. ಹೇಗೂ ಎಸೆದಿದ್ದಾಳೆ, ಇನ್ನು ಹೆದರಿಸಿ ಏನು ಪ್ರಯೋಜನ ಎಂದು ಮರುದಿನ ಸಮಾಧಾನ ಮಾಡಿಕೊಂಡರು. ಹಾಗೆ ಐದು ವಾರ ಕಳೆಯಿತು. ಶೆಡ್ಡಿಗೆ ಬೀಗ ಹಾಕಿದ್ದರು. ವನಜಾ ಒಂದು ದಿನ “ರೀ, ಸಂಡಿಗೆ ಪಂಚೆ ಕಂಡ್ರಾ?” ಎಂದು ಬೀರುವನ್ನೆಲ್ಲ ಕೆದಕಿದಳು. ಇವರು ಟೀವಿಯಿಂದ ಕಣ್ಣು ಕೀಳದೆ ಇಲ್ಲವೆಂದರು.

ಏಪ್ರಿಲ್‌ನಲ್ಲಿ ಯುಗಾದಿ. ಸಂಘದ ಹಬ್ಬದೂಟಕ್ಕೆ ಮನೆಗೊಂದು ಅಡುಗೆ ಎಂದು ಹಂಚುವ ಪದ್ಧತಿ. ವರ್ಷವೂ ವನಜಾಳದು ಬಿಸಿಬೇಳೆ ಭಾತು, ಜೊತೆಗೆ ಕರಿದ ಸಂಡಿಗೆ. ಆ ವರ್ಷ ಅವಳ ಹೆಸರಿನ ಮುಂದೆ ‘ಪೇಪರ್ ಪ್ಲೇಟ್’ ಎಂದಿತ್ತು. ಏನೋ ಗಡಿಬಿಡಿಯಾಗಿರಬೇಕೆಂದು ಅವಳು ಪ್ಲೇಟುಗಳನ್ನೇ ಕೊಂಡುಹೋದಳು. ಸ್ಕೂಲಿನ ಹಾಲ್‌ನಲ್ಲಿ ಬಡಿಸಲೆಂದು ಸೌಟು ಹಿಡಿದಾಗ ಕಮಲಾ ಆಂಟಿ ಅದನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡರು.

“ಕೂತ್ಕೋ ವನಜಾ, ರೆಸ್ಟ್ ತಗೋ. ಆ ಫಂಗಸ್ ವಿಷಯ ಯಾರೂ ಮನಸ್ಸಲ್ಲಿ ಇಟ್ಕೊಂಡಿಲ್ಲ. ನಿಮ್ಮನೆಯವರೇ ಬಂದು ಡಬ್ಬಿ ತಗೊಂಡ್ಹೋದ್ರಲ್ಲ, ದೊಡ್ಡ ಮನಸ್ಸು ಅವರದು.”

ವನಜಾ ತಿರುಗಿ ಗಂಡನನ್ನು ನೋಡಿದಳು. ಒಬ್ಬಟ್ಟಿನ ತಟ್ಟೆ ಹಿಡಿದು ನಿಂತಿದ್ದ ಉದಯಶಂಕರರಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ವನಜಾ ಅವತ್ತು ಊಟ ಮಾಡಲಿಲ್ಲ.

ವಾಪಸು ಬರುವ ದಾರಿಯಲ್ಲಿ, ಮಾಡ್ಬರಿ ಇನ್ನೂ ದೂರವಿದ್ದಾಗ ಕೇಳಿದಳು. “ನನ್ನ ಸಂಡಿಗೆಗೆ ಫಂಗಸ್ ಬಂದಿದ್ದು ನನಗೇ ಯಾಕೆ ಗೊತ್ತಿಲ್ಲ?”

ಉದಯಶಂಕರ್ ಮುಂದೆ ಕಂಡ, ಇಲ್ಲಿಯವರು ಸರ್ವೋ ಎನ್ನುವ ಪೆಟ್ರೋಲ್ ಬಂಕಿಗೆ ಕಾರು ಹೊರಳಿಸಿ, ಪಂಪುಗಳನ್ನು ದಾಟಿ ಗೋಡೆಯ ಪಕ್ಕ ನಿಲ್ಲಿಸಿದರು. ಪಂಚೆಯಿಂದ ಶುರುಮಾಡಿ ಪೇಪರ್ ಪ್ಲೇಟಿನವರೆಗೆ ಹೇಳಿದರು. ಹೇಳುತ್ತಾ ಹೇಳುತ್ತಾ ಅತ್ತರು. ಇಪ್ಪತ್ತು ಜನರೆದುರು ಹೋದ ತನ್ನ ಮಾನದ ಬಗ್ಗೆ ಅವಳು ಒಂದು ಮಾತು ಆಡಲಿಲ್ಲ.

“ಮಾಲುಗೆ ಬ್ಲಡ್ ಟೆಸ್ಟ್ ಮಾಡ್ಸೋಕೆ ಹೇಳಿದ್ರಾ?”

“ಇಲ್ಲ. ಎಸಿ ಅಂದಿದ್ದೆ. ಎಸೆದಿರ್ತಾಳೆ.”

ವನಜಾ ತನ್ನ ಫೋನಿನಲ್ಲಿ ಮಗಳ ನಂಬರು ಒತ್ತಿ, ಸ್ಪೀಕರ್ ಹಾಕಿ, ಅವರ ಕೈಗೆ ಕೊಟ್ಟಳು. “ಈಗ್ಲೇ. ನಿಮ್ಮ ಬಾಯಿಂದ್ಲೇ.”

ಹೇಳಿದರು. ಆ ಕಡೆಯಿಂದ ಬಂದ ದನಿ ಚಿಕ್ಕಂದಿನ ಮಾಲುವಿನದಾಗಿತ್ತು.

“ಅಪ್ಪ, ನಾನು ಎಸೀಲಿಲ್ಲ. ನೀವು ಫೋನ್ ಮಾಡಿದ್ಮೇಲೆ ಒಂದೊಂದೇ ತೆಗೆದು ನೋಡ್ದೆ, ಫಂಗಸ್ ಇರ್ಲೇ ಇಲ್ಲ. ನೀವು ಸುಮ್ನೆ ಅಮ್ಮನ್ನ ಬೈತಿದೀರ ಅಂದ್ಕೊಂಡೆ. ಪಾಪ ಅಮ್ಮ, ತೊಡೆ ಮೇಲಿಟ್ಕೊಂಡು ತಂದಿದ್ದು ಅಂತ ದಿನಾ ಕರಿದ್ಕೊಂಡು ತಿಂದೆ. ಹೋದ ವಾರ ಖಾಲಿ ಆಯ್ತು.”

ವನಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನಿಮಗೆ ಯಾವಾಗ ಗೊತ್ತಾಯ್ತು ಅಪ್ಪ?”

“ಐದು ವಾರ ಆಯ್ತಮ್ಮ,” ಎಂದರು ಉದಯಶಂಕರ್. ಅದೊಂದನ್ನು ಮಾತ್ರ ಅಳೆದು ಸರಿಯಾಗಿ ಹೇಳಿದರು.

ಮರುದಿನವೇ ಮಾಲವಿಕಾಳ ರಕ್ತ ಪರೀಕ್ಷೆಯಾಯಿತು. ಸೀಸ ಇತ್ತು, ತೀರಾ ಅಪಾಯದ ಮಟ್ಟವಲ್ಲ, ಮಗುವನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿರಬೇಕು ಎಂದರಂತೆ ಅಲ್ಲಿನ ಡಾಕ್ಟರು. ಆ ವಾರವೇ ಉದಯಶಂಕರ್ ಪ್ರಥಮ್‌ಗೆ ಫೋನು ಮಾಡಿ, ವಾಲ್ಟರನದು ಬಿಟ್ಟು ಉಳಿದ ಎಂಟು ಮನೆಗೂ ಇನ್ನೊಮ್ಮೆ ಹೋದರು. ಈ ಸಲ ನಿಜ ಹೇಳಿದರು, ನೀವೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಕೈಮುಗಿದರು. ಬಂದೂಕನ್ನೂ ಅಚ್ಚುಗಳನ್ನೂ ವಾಲ್ಟರನ ಮೂಲಕ ಬಿಟ್ಟುಕೊಟ್ಟರು. ಸಂಘದಲ್ಲಿ ಪೂಜೆಗೆ ಅವರನ್ನು ಆಮೇಲೆ ಯಾರೂ ಕರೆಯಲಿಲ್ಲ, ಅವರಾಗಿ ಹೋಗಲೂ ಇಲ್ಲ.

ಮೇ ಕೊನೆಯಲ್ಲಿ ಹೆಣ್ಣುಮಗು ಹುಟ್ಟಿತು. ನಾಮಕರಣಕ್ಕೆ ಬ್ರಿಸ್ಬೇನಿಗೆ ಹೋದರು. ಬಂದವರೆಲ್ಲ ಮಗುವನ್ನು ಕೈಯಿಂದ ಕೈಗೆ ದಾಟಿಸಿ ಮುದ್ದಾಡಿದರು. ಇವರ ಸರದಿ ಬಂದಾಗ ಮಾಲವಿಕಾ ಮಗುವನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು.

“ಕೈ ತೊಳ್ಕೊಂಡ್ರಾ ಅಪ್ಪ?”

ಅವಳು ಬೇರೆ ಯಾರನ್ನೂ ಹಾಗೆ ಕೇಳಿರಲಿಲ್ಲ. ಉದಯಶಂಕರ್ ಆಗಲೇ ಎರಡು ಸಲ, ಮೊಣಕೈವರೆಗೆ ಸೋಪು ಹಾಕಿ ತೊಳೆದಿದ್ದರು. “ಇಲ್ಲಮ್ಮ, ಈಗ ತೊಳ್ಕೊಂಡು ಬರ್ತೀನಿ,” ಎಂದು ಎದ್ದು ಹೋದರು.